ಬೂದಿಯಲ್ಲಿ ಆರಿದ ಕೊಕ್ಕೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ನಾನಿರೋ ಕೊರಟಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ನಮ್ಮ ಕಾರ್ಖಾನೆಗೆ. ಲಾರಿಗಳ ಅಡಿಭಾಗಕ್ಕೆ ಬೇಕಾದ ಬ್ರಾಕೆಟ್ಟು, ಅಡ್ಡಪಟ್ಟಿ ಇಂಥವನ್ನು ಉಕ್ಕಿನ ತಗಡನ್ನು ಒತ್ತಿ, ಬಗ್ಗಿಸಿ ಮಾಡುತ್ತೇವೆ. ನಾನಿರೋದು ಲ್ಯಾಬಿನಲ್ಲಿ. ಒತ್ತುವಾಗ ಯಾವ ತುಂಡು ಬಿರುಕು ಬಿಟ್ಟರೂ ಅದು ನನ್ನ ಮೇಜಿನ ಮೇಲೆ ಬಂದು ಬೀಳುತ್ತೆ. ಯಾಕೆ ಬಿರುಕು ಬಿಟ್ಟಿತು ಅಂತ ಕಂಡುಹಿಡಿದು ಹೇಳೋದು ನನ್ನ ಕೆಲಸ. ಹೇಳುವಾಗ ನಾನು ಸ್ವಲ್ಪ ಜೋರಾಗೇ ಹೇಳ್ತೀನಿ.

ಪ್ರೆಸ್ಸುಗಳ ಪಕ್ಕದ ಗೋಡೆಯ ಮೇಲೆ ಒಂದು ಬೋರ್ಡಿದೆ. ನನ್ನ ಕೈಬರಹ. "ಈ ಉಕ್ಕನ್ನು ಕಾಯಿಸಬೇಡಿ. ಬೆಂಕಿ ಮುಟ್ಟಿಸಿದವರು ಲ್ಯಾಬಿಗೆ ಬಂದು ನನಗೆ ಉತ್ತರ ಹೇಳಬೇಕು." ಒಬ್ಬ ವೆಲ್ಡರು ಸೊಟ್ಟಗಾದ ಬ್ರಾಕೆಟ್ಟನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ನೆಟ್ಟಗೆ ಮಾಡಿದ್ದ. ಅವತ್ತು ಅವನಿಗೆ ಬಯ್ದು ಬಯ್ದು ನನ್ನ ಗಂಟಲೇ ಕಟ್ಟಿಹೋಯ್ತು. ಆಮೇಲೆ ಬರೆದ ಬೋರ್ಡು ಅದು. ಅದನ್ನು ಓದದೆ ಇರೋನು ನಮ್ಮ ಕಾರ್ಖಾನೆಯಲ್ಲಿ ಒಬ್ಬನೂ ಇಲ್ಲ.

ಇದನ್ನು ಮೊದಲೇ ಹೇಳಿಬಿಡ್ತಿದ್ದೀನಿ. ಯಾಕಂದ್ರೆ ಆ ಬೋರ್ಡಿನ ಮಾತನ್ನು ನಾನು ಹೇಳಲೇಬೇಕಾಗಿದ್ದ ಒಬ್ಬ ಮನುಷ್ಯನಿಗೆ ಮಾತ್ರ ಹೇಳಲಿಲ್ಲ. ಅವನು ನಮ್ಮಪ್ಪ.

ನಮ್ಮೂರು ಮಧುಗಿರಿ ತಾಲ್ಲೂಕಿನಲ್ಲಿ, ಐ.ಡಿ.ಹಳ್ಳಿ ಕಡೆ. ಅಪ್ಪ ಕಮ್ಮಾರ. ಮನೆಯಿಂದ ಇಪ್ಪತ್ತು ಹೆಜ್ಜೆಗೆ, ಬೇವಿನ ಮರದ ಕೆಳಗೆ ಅವನ ಕುಲುಮೆ. ಕುಡುಗೋಲು, ಮಚ್ಚು, ಗುದ್ದಲಿ ಎಲ್ಲ ಮಾಡ್ತಿದ್ದ. ಆದರೆ ಅವನ ಹೆಸರು ನಾಲ್ಕು ಊರಿಗೆ ಹೋಗಿದ್ದು ಹುಣಸೆಮರ ಹತ್ತೋರ ಕೊಕ್ಕೆಯಿಂದ. ನಮ್ಮ ಕಡೆ ಬದುವಿಗೊಂದು, ಕೆರೆ ಏರಿಗೊಂದು ಹುಣಸೆಮರ ಇದ್ದೇ ಇರುತ್ತೆ. ಸಂಕ್ರಾಂತಿ ಕಳೆದ ಮೇಲೆ ಯುಗಾದಿವರೆಗೂ ಅದರ ಸುಗ್ಗಿ. ಹತ್ತೋರು ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಯ ಕೊಕ್ಕೆಯನ್ನು ಮೇಲಿನ ದಪ್ಪ ಕೊಂಬೆಗೆ ತಗಲಿಸ್ತಾರೆ. ಆಮೇಲೆ ತೆಳ್ಳನೆ ಕೊಂಬೆಯ ತುದಿವರೆಗೂ ಹೋಗಿ, ಹಗ್ಗದ ಮೇಲೆ ಭಾರ ಬಿಟ್ಟು, ಕಾಲಲ್ಲಿ ಕೊಂಬೆಯನ್ನು ಜಾಡಿಸ್ತಾರೆ. ಕಾಯಿ ದಬದಬ ಉದುರುತ್ತೆ. ಅಷ್ಟು ಹೊತ್ತೂ ಅವರ ಜೀವ ಇರೋದು ಆ ಕೊಕ್ಕೆಯಲ್ಲಿ.

ಅದಕ್ಕೇ ಕೊಕ್ಕೆ ಮಾಡುವಾಗ ಅಪ್ಪ ಎರಡು ಕಟ್ಟುಪಾಡು ಬಿಡ್ತಿರಲಿಲ್ಲ. ಅವು ಅವನ ಅಪ್ಪನಿಂದ ಬಂದದ್ದು. ಕುಡುಗೋಲನ್ನಾದರೆ ಕೆಂಪಗೆ ಕಾಯಿಸಿ ಚುಂಯ್ ಅಂತ ನೀರಿಗೆ ಅದ್ದಬೇಕು, ಆಗ ಬಾಯಿ ಗಟ್ಟಿ ಬರುತ್ತೆ. ಕೊಕ್ಕೆಯನ್ನು ಮಾತ್ರ ಯಾವ ಕಾಲಕ್ಕೂ ನೀರಿಗೆ ಅದ್ದಬಾರದು. ಅದ್ದಿದರೆ ಗಟ್ಟಿಯಾಗುತ್ತೆ ನಿಜ, ಆದರೆ ಮರದ ಮೇಲೆ ಹೇಳದೆ ಕೇಳದೆ ಪಟಕ್ಕನೆ ಮುರಿಯುತ್ತೆ. ಆದ್ದರಿಂದ ಕೊಕ್ಕೆಯನ್ನು ಕುಲುಮೆಯ ಬೂದಿಯಲ್ಲಿ ಹೂತಿಟ್ಟು, ಸಂಜೆವರೆಗೂ ತಾನಾಗೇ ಆರೋದಕ್ಕೆ ಬಿಡ್ತಿದ್ದ. ಎರಡನೇದು, ಮಾಡಿದೋನೇ ಮೊದಲು ತೂಗಬೇಕು. ಹೊಸ ಕೊಕ್ಕೆಯನ್ನು ಬೇವಿನ ಕೊಂಬೆಗೆ ತಗಲಿಸಿ, ಅಪ್ಪ ತಾನೇ ಅದಕ್ಕೆ ಜೋತುಬಿದ್ದು ನೋಡಿ ಆಮೇಲೆ ಕೊಡ್ತಿದ್ದ. ಚಿಕ್ಕವಳಿದ್ದಾಗ ನಾನೂ ಅವನ ಕಾಲು ಹಿಡಿದು ಜೋತುಬಿದ್ದು ನಗ್ತಿದ್ದೆ.

ಅಪ್ಪನ ಕೊಕ್ಕೆಗೆ ಮೊದಲ ಗಿರಾಕಿ ನನ್ನ ಸೋದರಮಾವ, ಅವ್ವನ ತಮ್ಮ. ಅವ್ವನ ತೌರು ಪಾವಗಡದ ಕಡೆ, ನಿಡುಗಲ್ ಬೆಟ್ಟದ ಬುಡದಲ್ಲಿ. ಅವರ ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಮಾವ ಹುಟ್ಟಿದ ವರ್ಷವೇ ಅವರ ತಾಯಿ ಹಾಸಿಗೆ ಹಿಡಿದರಂತೆ. ಹತ್ತು ವರ್ಷದ ನಮ್ಮವ್ವನೇ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದು. ಹಾಗಾಗಿ ಅವ್ವನಿಗೆ ಅವನು ತಮ್ಮನೂ ಹೌದು, ಮೊದಲ ಮಗನೂ ಹೌದು. ದೊಡ್ಡವನಾದ ಮೇಲೆ ಪಾವಗಡದಿಂದ ಕೊರಟಗೆರೆವರೆಗೂ ಹುಣಸೆಮರಗಳನ್ನು ಗುತ್ತಿಗೆ ಹಿಡಿದು, ಆಳು ಕಟ್ಟಿಕೊಂಡು ಬರ್ತಿದ್ದ. ಆಳುಗಳಿದ್ದರೂ ದೊಡ್ಡ ಮರಕ್ಕೆ ತಾನೇ ಹತ್ತಬೇಕು ಅವನಿಗೆ. ಮರ ಹತ್ತೋನಿಗೆ ಇರಬೇಕಾದ್ದಕ್ಕಿಂತ ಮೈ ಸ್ವಲ್ಪ ಜಾಸ್ತಿನೇ ಇತ್ತು.

ನಾನು ಮೊದಲ ದಿನ ಕಾಲೇಜಿಗೆ ಹೋಗಿದ್ದು ಅವನ ಮೊಪೆಡ್ಡಿನ ಹಿಂದೆ ಕೂತು. ಮಧುಗಿರಿ ಬೆಟ್ಟ ಕಂಡ ಕೂಡಲೇ, "ನೋಡೇ, ಅಷ್ಟು ದೊಡ್ಡ ಕಲ್ಲು ಇಂಗೇ ಕೂತೈತೆ, ನೀನು ಒಂದು ಪರೀಕ್ಷೆಗೆ ನಡುಗ್ತೀಯ" ಅಂದಿದ್ದ. ನನಗೆ ಕೆಲಸ ಸಿಕ್ಕಿದ ಮೇಲೆ ನನ್ನ ಲ್ಯಾಬಿಗೆ ಕಬ್ಬಿಣದ ಆಸ್ಪತ್ರೆ ಅಂತ ಹೆಸರಿಟ್ಟ. ಯಾವಾಗ ಫೋನ್ ಮಾಡಿದರೂ ಮೊದಲ ಮಾತು ಅದೇ: "ಏನಮ್ಮಾ ಡಾಕ್ಟರಮ್ಮಾ, ಇವತ್ತು ಎಷ್ಟು ಕಬ್ಬಿಣ ತೀರ್ಕಂಡವು?" ಬೇರೆ ಯಾರಾದರೂ ಹಾಗೆ ಅಂದಿದ್ದರೆ ನಾನು ಸುಮ್ಮನಿರ್ತಿರಲಿಲ್ಲ.

ಹೋದ ವರ್ಷದ ಹಿಂದಿನ ಸುಗ್ಗಿ. ಅಪ್ಪ ಕೊಕ್ಕೆಗೆ ಬಳಸ್ತಿದ್ದದ್ದು ಲಾರಿ ಸ್ಪ್ರಿಂಗಿನ ಪಟ್ಟೆ, ಹೆಬ್ಬೆರಳು ದಪ್ಪದ್ದು. ಸಿರಾದ ಗುಜರಿ ಅಂಗಡಿಯ ಸಾಬರು ಒಳ್ಳೆ ಪಟ್ಟೆ ಬಂದರೆ "ಉಸ್ತಾದ್‌ಗೆ ಇದು" ಅಂತ ಪಕ್ಕಕ್ಕೆ ತೆಗೆದಿಡೋರು. ಆ ವರ್ಷ ಅಪ್ಪನಿಗೆ ಮಂಡಿನೋವು, ಸಿರಾಕ್ಕೆ ಹೋಗಲಾಗಲಿಲ್ಲ. ಅದೇ ಹೊತ್ತಿಗೆ ಮಾವ ಬಂದು, "ಭಾವ, ನಿನ್ನ ಕೊಕ್ಕೆ ಒಂದು ಮಣ ಭಾರ. ಮಧ್ಯಾಹ್ನಕ್ಕೆಲ್ಲ ತೋಳು ಬಿದ್ದೋಗ್ತದೆ" ಅಂತ ಗೊಣಗಿ, ನನ್ನ ಕಡೆ ತಿರುಗಿ, "ಲೇ, ನಿನ್ನ ಆಸ್ಪತ್ರೇಲಿ ಹಗೂರಾದ್ದು ಏನೂ ಇಲ್ವೇನೇ?" ಅಂದ.

ಇತ್ತು. ಹಗುರ ಮಾಡೋದೇ ನಮ್ಮ ದಂಧೆ. ಲಾರಿ ಹಗುರಾಗಬೇಕು, ಆದರೆ ಬಲ ಕಮ್ಮಿಯಾಗಬಾರದು ಅಂತ ಈಗೆಲ್ಲ ಹೆಚ್ಚು ಬಲದ ಉಕ್ಕನ್ನೇ ಬಳಸೋದು. ಅದರಲ್ಲಿ ಒಂದು ಜಾತಿಗೆ ಡ್ಯುಯಲ್ ಫೇಸ್ ಅಂತಾರೆ. ಅದರ ಒಂದು ಚೂರನ್ನು ಕನ್ನಡಿ ಹಾಗೆ ಉಜ್ಜಿ, ಆಸಿಡ್ಡು ಸೋಕಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡು ಪದಾರ್ಥ ಕಾಣುತ್ತೆ. ಒಂದು ಮೆತ್ತಗಿರೋದು, ಫೆರೈಟು. ಅದರ ನಡುನಡುವೆ ಸಣ್ಣ ಸಣ್ಣ ದ್ವೀಪದ ಹಾಗೆ ಗಟ್ಟಿಯಾದದ್ದು, ಮಾರ್ಟೆನ್ಸೈಟು. ರಾಗಿಮುದ್ದೆಯಲ್ಲಿ ಅಕ್ಕಿನುಚ್ಚು ಬೇಯದೆ ಉಳಿದ ಹಾಗೆ. ಮೆತ್ತಗಿರೋದು ಉಕ್ಕನ್ನು ಬಗ್ಗೋದಕ್ಕೆ ಬಿಡುತ್ತೆ, ಗಟ್ಟಿ ಇರೋದು ಭಾರ ತಡೆಯುತ್ತೆ. ಎರಡೂ ಜೊತೆಗಿದ್ದರೇನೇ ಆ ಉಕ್ಕಿಗೆ ಬೆಲೆ.

ಆದರೆ ಬಗ್ಗಿಸೋನಿಗೆ ಅದರ ಸ್ವಭಾವ ಗೊತ್ತಿರಬೇಕು. ಕತ್ತರಿಸಿದ ಅಂಚು ಒರಟಾಗಿದ್ದರೆ, ಮೆತ್ತಗಿರೋದು ಗಟ್ಟಿಯದರ ಪಕ್ಕದಿಂದ ಬಿಟ್ಟುಕೊಂಡು ಅಂಚಿನಲ್ಲಿ ಬಿರುಕು ಏಳುತ್ತೆ. ನುಚ್ಚು ಉಳಿದ ಮುದ್ದೆಯನ್ನು ಒತ್ತಿದರೆ ಅಂಚು ಸೀಳೋದಿಲ್ಲವೇ, ಅದೇ ಥರ. ಅಂಚನ್ನು ನುಣ್ಣಗೆ ಉಜ್ಜಿ, ತೀರಾ ಗಿಣಿಮೂತಿ ಮಾಡದೆ ಅಗಲವಾಗಿ ಬಗ್ಗಿಸಿದರೆ ತಣ್ಣಗಿದ್ದಾಗಲೇ ಸುಖವಾಗಿ ಬಗ್ಗುತ್ತೆ. ಬೆಂಕಿಗೆ ಮಾತ್ರ ಹಾಕಬಾರದು. ಕೆಂಪಗೆ ಕಾಯಿಸಿ ನಿಧಾನಕ್ಕೆ ಆರಲು ಬಿಟ್ಟರೆ ಆ ಗಟ್ಟಿ ದ್ವೀಪಗಳೆಲ್ಲ ಕರಗಿ ಹೋಗ್ತವೆ. ನೋಡೋಕೆ ಅದೇ ಉಕ್ಕು, ಅದೇ ತೂಕ, ಅದೇ ಬಣ್ಣ. ಬಲ ಮಾತ್ರ ಅರ್ಧ.

ಇಷ್ಟೂ ನನಗೆ ಗೊತ್ತಿತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತಿದ್ದೆ.

ಪರೀಕ್ಷೆಗೆ ಕತ್ತರಿಸಿ ಮಿಕ್ಕಿದ್ದ ಎರಡು ಪಟ್ಟಿಯನ್ನು, ಕೇಳಿ, ಗೇಟ್‌ಪಾಸ್ ಬರೆಸಿ, ಒಂದು ಶನಿವಾರ ಊರಿಗೆ ತಂದೆ. ಅಪ್ಪನ ಪಟ್ಟೆಯ ಅರ್ಧ ದಪ್ಪ ಇತ್ತು. ಅಪ್ಪ ಅಡಿಗಲ್ಲಿನ ಮೇಲೆ ಇಟ್ಟು ಸುತ್ತಿಗೆಯಲ್ಲಿ ಟಣ್ ಅನಿಸಿ ಕಿವಿಗೊಟ್ಟು ಕೇಳಿದ.

"ತೀರಾ ತೆಳ್ಳಗೈತಲ್ಲಮ್ಮ."

"ಅರ್ಧ ದಪ್ಪ ಸಾಕಪ್ಪ ಇದಕ್ಕೆ. ನಿನ್ನ ಕೊಕ್ಕೆಗಿಂತ ಗಟ್ಟಿ ಇದು. ಲಾರಿನೇ ಹೊರುತ್ತೆ, ಮಾವನ್ನ ಹೊರಲ್ವಾ?"

ಮಾವ ಹೊಟ್ಟೆ ಸವರಿಕೊಂಡು ನಕ್ಕ. ಅಪ್ಪ ನಗಲಿಲ್ಲ. ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಹೆಂಗೆ ಬಗ್ಗಿಸ್ಬೇಕು?" ಅಂತ ಕೇಳಿದ.

ಕೇಳಿದ. ಅದನ್ನು ನಾನು ಮರೆಯೋಕಾಗಲ್ಲ. ಐವತ್ತು ವರ್ಷ ಕಬ್ಬಿಣ ಬಡಿದ ಮನುಷ್ಯ, ತಾನು ಕಾಣದ ಕಬ್ಬಿಣ ಕೈಗೆ ಬಂದಾಗ ಮಗಳನ್ನು ಕೇಳಿದ. ನನಗೆ ಆಗ ಕಾರ್ಖಾನೆಯಿಂದ ಫೋನ್ ಬಂತು. ಯಾವುದೋ ತುಂಡು ಬಿರುಕು ಬಿಟ್ಟಿತ್ತು. ಫೋನನ್ನು ಕಿವಿಗೆ ಇಟ್ಟುಕೊಳ್ತಾ, "ನೀನು ಬಗ್ಗಿಸದೆ ಇರೋ ಕಬ್ಬಿಣ ಯಾವ್ದಿದೆ ಬುಡಪ್ಪ" ಅಂದೆ. ಅಪ್ಪನಿಗೆ ಹೆಮ್ಮೆ ಆಗಲಿ ಅಂತ ಅಂದದ್ದು. ಬೇವಿನ ಮರದ ಕೆಳಗೆ ನಿಂತು ಕಾಲು ಗಂಟೆ ಫೋನಿನಲ್ಲಿ ಅದನ್ನೇ ಬಯ್ದೆ: ಅಂಚು ಉಜ್ಜದೆ ಯಾಕೆ ಒತ್ತಿದ್ರಿ, ನಾನು ಎಷ್ಟು ಸಲ ಹೇಳಬೇಕು ಅಂತ. ಆಮೇಲೆ ಕುಲುಮೆಗೆ ವಾಪಸು ಹೋಗಲಿಲ್ಲ. ಭಾನುವಾರ ಬಸ್ ಹತ್ತಿ ಬಂದುಬಿಟ್ಟೆ.

ನಾನು ಬಂದ ಮೇಲೆ ನಡೆದದ್ದು ಇಷ್ಟು. ಅಪ್ಪ ಮೊದಲು ಪಟ್ಟಿ ತಣ್ಣಗಿದ್ದಾಗಲೇ, ಹಗ್ಗ ಕಟ್ಟೋ ಕಡೆ, ಸುತ್ತಿಗೆಯಲ್ಲಿ ಬಿಗಿಯಾಗಿ ಬಗ್ಗಿಸಿದ. ಅಂಚಿನಲ್ಲಿ ಕೂದಲಿನಂಥ ಬಿರುಕು ಕಾಣಿಸ್ತು. ಬಿರುಕು ಬಿಡೋ ಕಬ್ಬಿಣಕ್ಕೆ ಬೆಂಕಿ ಸಾಲದು ಅಂತ ಯಾವ ಕಮ್ಮಾರನಾದರೂ ಅಂದುಕೊಳ್ತಾನೆ. ಆ ತುದಿ ಕತ್ತರಿಸಿ ಎಸೆದು, ಕುಲುಮೆ ಹೊತ್ತಿಸಿ, ಬಗ್ಗಿಸೋ ಜಾಗವನ್ನೆಲ್ಲ ಕೆಂಪಗೆ ಕಾಯಿಸಿದ. ಬೆಣ್ಣೆ ಹಾಗೆ ಬಗ್ಗಿತು. ನೀರಿಗೆ ಅದ್ದಲಿಲ್ಲ. ಕಟ್ಟುಪಾಡಿನ ಪ್ರಕಾರ ಬೂದಿಯಲ್ಲಿ ಹೂತಿಟ್ಟು ಸಂಜೆವರೆಗೂ ಬಿಟ್ಟ. ಮಾರನೇ ದಿನ ಬೇವಿನ ಕೊಂಬೆಗೆ ತಗಲಿಸಿ ತಾನು ಜೋತುಬಿದ್ದು ನೋಡಿದ. ಅಪ್ಪನದು ಕಡ್ಡಿ ಮೈ. ಕೊಕ್ಕೆ ತಡೀತು. ಮಾವ ತಗೊಂಡು ಹೋದ.

ಆರನೇ ದಿನ, ಕೊಳಾಲದ ಕಡೆ ಒಂದು ಕೆರೆ ಏರಿಯ ಮರದಲ್ಲಿ, ಮಾವ ಕೊಂಬೆ ಜಾಡಿಸ್ತಿರೋವಾಗ ಕೊಕ್ಕೆ ಬಿಚ್ಚಿಕೊಳ್ತು. ಮುರಿಯಲಿಲ್ಲ. ಒಂದೊಂದು ಸಲ ಜಾಡಿಸಿದಾಗಲೂ ಒಂದೊಂದು ಎಳೆ ಅಗಲವಾಗ್ತಾ ಬಂದು, ಕೊನೆಗೆ ಬಾಯಿ ತೆರೆದು ಕೊಂಬೆಯಿಂದ ಜಾರಿಬಿಡ್ತು. ಕೆಳಗೆ ಏರಿಯ ಕಲ್ಲು. ತುಮಕೂರಿನ ಆಸ್ಪತ್ರೆಗೆ ಅಂತ ಕಾರಿನಲ್ಲಿ ಮಲಗಿಸಿಕೊಂಡು ಹೊರಟರಂತೆ. ಕೊರಟಗೆರೆ ದಾಟೋ ಮೊದಲೇ ಜೀವ ಹೋಗಿತ್ತು. ಆ ಹೊತ್ತಿನಲ್ಲಿ ನಾನು ಅಲ್ಲಿಂದ ಸ್ವಲ್ಪ ದೂರದಲ್ಲಿ, ಲ್ಯಾಬಿನಲ್ಲಿ ಕೂತು ಮಧ್ಯಾಹ್ನದ ಡಬ್ಬಿ ಬಿಚ್ಚಿದ್ದೆ.

ಮಣ್ಣು ಮಾಡೋಕೆ ನಿಡುಗಲ್ ಕಡೆಗೇ ಒಯ್ದರು. ಹೆಣದ ಜೊತೆ ಆಳುಗಳು ಕೊಕ್ಕೆಯನ್ನೂ ತಂದಿದ್ದರು. ಬಗ್ಗಿಸಿದ ಬೆರಳನ್ನು ಬಿಡಿಸಿದ ಹಾಗೆ ಇತ್ತು ಅದು. ಅವ್ವ ಅದನ್ನು ಕೈಗೆ ತಗೊಂಡು ತುಂಬ ಹೊತ್ತು ನೋಡಿದಳು. ಅಳು ನಿಂತುಹೋಗಿತ್ತು. ಆಮೇಲೆ ಅಪ್ಪನ ಕಾಲ ಮುಂದೆ ಹಾಕಿ, "ನಾ ತಮ್ಮುಡು" ಅಂದಳು. ನನ್ನ ತಮ್ಮ ಅಂತ. "ನಿನ್ನ ಕೈ ನಂಬಿ ಹತ್ತಿದ್ದ." ಅಷ್ಟೇ. ಅಪ್ಪ ಇಡೀ ನೆಂಟರ ಮುಂದೆ, "ನನ್ನ ಕೈ ತಪ್ತು" ಅಂದು ತಲೆ ತಗ್ಗಿಸಿ ಕೂತ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಕೊಕ್ಕೆ ಬಿಚ್ಚಿಕೊಂಡಿರೋ ರೀತಿಯನ್ನೇ ನೋಡ್ತಿದ್ದೆ. ಮುರಿದಿದ್ದರೆ ಬೇರೆ ಮಾತು. ಬಿಚ್ಚಿಕೊಂಡಿತ್ತು ಅಂದರೆ ಮೆತ್ತಗಾಗಿತ್ತು ಅಂತ ಅರ್ಥ.

ಅವತ್ತಿನಿಂದ ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ಸಿಟ್ಟು ಮಾಡಿಕೊಂಡು ನಾಲ್ಕು ದಿನ ಮುಖ ಊದಿಸಿಕೊಳ್ಳೋದು ಬೇರೆ, ಇದು ಬೇರೆ. ಊಟಕ್ಕೆ ಬಡಿಸೋಳು. ಬಟ್ಟೆ ಒಗೆದು ಹಾಕೋಳು. ಮಂಡಿಗೆ ಎಣ್ಣೆ ಬಿಸಿ ಮಾಡಿ ಪಕ್ಕದಲ್ಲಿ ಇಟ್ಟು ಹೋಗೋಳು. ಒಂದು ಮಾತಿಲ್ಲ. ನಮ್ಮವ್ವ ಹುಟ್ಟಾ ಬಾಯಾಳಿ. ಬೆಳಗ್ಗೆ ಎದ್ದರೆ ಅಪ್ಪನನ್ನು ಬಯ್ಯೋದೇ ಅವಳ ಸುಪ್ರಭಾತ. ಕುಲುಮೆ ಮಸಿ ಕಾಲಲ್ಲಿ ಒಳಗೆ ಬಂದ ಅಂತ, ಬೀಡಿ ಸೇದಿದ ಅಂತ, ಕಾಫಿ ಆರಿಸಿಕೊಂಡು ಕೂತ ಅಂತ. ಆ ಬಯ್ಗುಳ ಇಲ್ಲದ ಮನೆಗೆ ಕಾಲಿಡೋಕೆ ನನಗೆ ಹೆದರಿಕೆ ಆಗ್ತಿತ್ತು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅಪ್ಪ ಕುಲುಮೆಗೆ ಮಣ್ಣು ಮುಚ್ಚಿದ. ಕೊಕ್ಕೆ ಕುಲುಮೆಯ ಗೋಡೆಯ ಮೊಳೆಯಲ್ಲಿ ನೇತಾಡ್ತಿತ್ತು. ತಗೊಂಡು ಹೋಗ್ತೀನಪ್ಪ ಅಂದೆ. ಯಾಕೆ ಅಂತ ಕೇಳಲಿಲ್ಲ ಅವನು.

ಲ್ಯಾಬಿನಲ್ಲಿ ಎರಡು ಚೂರು ಕತ್ತರಿಸಿದೆ. ಒಂದು ಬೆಂಕಿ ತಾಗದ ನೇರ ಭಾಗದಿಂದ, ಇನ್ನೊಂದು ಬಗ್ಗಿದ ಭಾಗದಿಂದ. ಸಾವಿರಾರು ಸಲ ಮಾಡಿದ ಕೆಲಸ. ಉಜ್ಜಿ, ಆಸಿಡ್ಡು ಸೋಕಿಸಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಮೊದಲ ಚೂರಿನಲ್ಲಿ ನನ್ನ ದ್ವೀಪಗಳು ಎಲ್ಲಿರಬೇಕೋ ಅಲ್ಲೇ ಇದ್ದವು. ಎರಡನೇದನ್ನು ಇಟ್ಟೆ. ಅಲ್ಲಿ ಏನೂ ಇರಲಿಲ್ಲ. ದಪ್ಪ ದಪ್ಪ ಮೆತ್ತನೆ ಕಾಳು, ಮೂಲೆಯಲ್ಲಿ ಒಂದಿಷ್ಟು ಕಪ್ಪು, ಅಷ್ಟೇ. ಮಾಮೂಲಿ ಕಬ್ಬಿಣ, ಅದೂ ಅರ್ಧ ದಪ್ಪದ್ದು. ಅಪ್ಪನ ಕೈ ಎಲ್ಲೂ ತಪ್ಪಿರಲಿಲ್ಲ. ಅವನು ಮಾಡಬೇಕಾದ್ದನ್ನೆಲ್ಲ, ಅವನಪ್ಪ ಹೇಳಿಕೊಟ್ಟ ಹಾಗೇ ಮಾಡಿದ್ದ. ತಪ್ಪಿದ್ದು ನನ್ನ ಬಾಯಿ. ಹೇಳಬೇಕಾದ ಒಂದು ಮಾತು ಹೇಳದೆ, ಹೇಳಬಾರದ ಅರ್ಧ ದಪ್ಪ ಸಾಕು ಅನ್ನೋ ಮಾತನ್ನು ಹೇಳಿದ್ದೆ. ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ.

ಆಮೇಲೆ ಏನು ಮಾಡಿದೆ ಅಂದರೆ, ಏನೂ ಮಾಡಲಿಲ್ಲ. ಈ ವಾರ ಹೇಳ್ತೀನಿ, ಮುಂದಿನ ವಾರ ಹೇಳ್ತೀನಿ ಅಂತ ಒಂದು ವರ್ಷ ತಳ್ಳಿದೆ. ಹೋದಾಗಲೆಲ್ಲ ಅವ್ವ ಗೋಡೆ ನೋಡಿಕೊಂಡು "ಅನ್ನ ಇಟ್ಟೈತೆ" ಅನ್ನೋಳು, ಅಪ್ಪ ಬಂದು ತಿನ್ನೋನು, ನಾನು ನಡುವೆ ಕೂತು ನುಂಗ್ತಿದ್ದೆ. ಊರವರ ಬಾಯಿಗೆ ಹೆದರಿದೆನೇ? ಇಲ್ಲ. ಅವ್ವನಿಗೆ ಹೆದರಿದೆ. ಅವ್ವ ನನ್ನ ಜೊತೆಗೂ ಹಾಗೆ ಮಾತು ಬಿಟ್ಟು ಗೋಡೆ ನೋಡಿದರೆ ನಾನು ಬದುಕೋದು ಹೆಂಗೆ ಅಂತ ಹೆದರಿದೆ. ನಾಚಿಕೆಗೆಟ್ಟ ಮಾತು, ಆದರೆ ನಿಜ. ಕಾರ್ಖಾನೆಯಲ್ಲಿ ಕಂಡೋರ ಮೇಲೆಲ್ಲ ಹರಿಹಾಯ್ದೆ. ಬೋರ್ಡಿನ ಮುಂದೆ ಹಾದು ಹೋಗುವಾಗ ಆ ಕಡೆ ನೋಡ್ತಿರಲಿಲ್ಲ.

ಮತ್ತೆ ಹುಣಸೆ ಸುಗ್ಗಿ ಬಂತು. ಒಂದು ಭಾನುವಾರ ಊರಿಗೆ ಹೋದಾಗ ಮರ ಹತ್ತೋರು ಇಬ್ಬರು ಬಂದು ಜಗಲಿಯಲ್ಲಿ ಕೂತಿದ್ದರು. ಕೊಕ್ಕೆ ಬೇಕಂತೆ. ಅಪ್ಪ, "ನನ್ನ ಕೈ ಕೆಟ್ಟೋಗೈತೆ ಕಣ್ರಪ್ಪ. ಬೇರೆ ಕಡೆ ಮಾಡಿಸ್ಕಳಿ" ಅಂದ. ಅವರು ಎದ್ದು ಹೋದರು. ಒಳಗೆ ಅವ್ವ ಕೇಳಿಸಿಕೊಂಡು ಹುಣಸೆಹಣ್ಣು ಕುಟ್ಟುತ್ತಾ ಇದ್ದಳು. ಕುಟ್ಟೋ ಸದ್ದು ನಿಲ್ಲಲಿಲ್ಲ.

ಅಪ್ಪನನ್ನು ಕುಲುಮೆ ಹತ್ತಿರ ಕರಕೊಂಡು ಹೋದೆ. ಮೊಬೈಲಿನಲ್ಲಿ ಆ ಎರಡು ಚಿತ್ರ ತೋರಿಸಿದೆ. ಇದು ಬೆಂಕಿ ತಾಗದ್ದು, ಇದು ತಾಗಿದ್ದು. ಈ ಗಟ್ಟಿ ಕಾಳು ಇಲ್ಲಿಲ್ಲ ನೋಡು. ಕಾಯಿಸಬಾರದಿತ್ತು, ಅದನ್ನ ನಾನು ಹೇಳಬೇಕಿತ್ತು, ನೀನು ಕೇಳಿದೆ, ನಾನು ಹೇಳಲಿಲ್ಲ. ನಿನ್ನ ಕೈ ತಪ್ಪಿಲ್ಲಪ್ಪ. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಅಪ್ಪ ಚಿತ್ರವನ್ನು ಸರಿಯಾಗಿ ನೋಡಲೂ ಇಲ್ಲ. ಮಣ್ಣು ಮುಚ್ಚಿದ ಕುಲುಮೆಯ ದಂಡೆ ಮೇಲೆ ಕೂತು ಮಂಡಿ ನೀವಿಕೊಂಡ.

"ನಂಗೊತ್ತು ಕಣಮ್ಮ" ಅಂದ.

"ಏನು ಗೊತ್ತು?"

"ಹಗ್ಗ ಸವೀಬಾರದು ಅಂತ ಕಡೇಗೆ ಅರ ಹಾಕಿ ಅಂಚು ಉಜ್ತೀನಲ್ಲ. ನೇರ ಇರೋ ಕಡೆ ಅರ ಒತ್ತಿ ಒತ್ತಿ ಉಜ್ಬೇಕಾಯ್ತು. ಬಗ್ಗಿಸಿದ ಕಡೆ ಮೆತ್ತಗೆ ಕಚ್ತು. ಅಲ್ಲೇ ಗೊತ್ತಾಯ್ತು, ಬೆಂಕಿ ಇದರ ಸತ್ವ ತಿಂದುಬುಡ್ತು ಅಂತ. ಕೈ ಬೇಡ ಅಂತು. ಆದರೆ ನೀನು ಅರ್ಧ ಸಾಕು ಅಂದಿದ್ದೆ. ಓದಿದ ಮಗಳು ಅಂದವಳೆ, ನಂದೇನು ಅನ್ಕಂಡೆ. ಕೊಟ್ಟುಬುಟ್ಟೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಒಂದು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೀನಿ ಅಂದುಕೊಂಡಿದ್ದನ್ನು ಅವನು ಮೊದಲ ದಿನದಿಂದ ಹೊತ್ತಿದ್ದ. ನೆಂಟರ ಮುಂದೆ ತಲೆ ತಗ್ಗಿಸಿದಾಗಲೂ ಅವನಿಗೆ ಗೊತ್ತಿತ್ತು. ನನಗೆ ಅವನ ಮೇಲೆ ಇನ್ನಿಲ್ಲದ ಕೋಪ ಬಂತು.

"ಮತ್ತೆ ಅವ್ವನಿಗೆ ಯಾಕಪ್ಪ ಹೇಳಲಿಲ್ಲ?"

"ಹೇಳಿ? ನನ್ನ ಮೇಲೆ ಕೋಪ ಇದ್ರೆ ಅನ್ನನಾದ್ರೂ ಇಕ್ತಾಳೆ. ನಾನು ಗಂಡ, ಎಲ್ಲೋಗ್ತೀನಿ. ನೀನು ಕೊರಟಗೆರೇಲಿರೋಳು. ನಿನ್ನ ಮೇಲೆ ತಿರುಗಿದ್ರೆ ಜನ್ಮದಲ್ಲಿ ನಿನ್ನ ಮಕ ನೋಡಲ್ಲ ಅವಳು. ಹತ್ತು ವರ್ಷದೋಳು ಸೊಂಟದ ಮೇಲೆ ಹೊತ್ತು ಸಾಕಿದ್ದ ಜೀವ ಅದು. ಇದನ್ನ ಇಲ್ಲಿಗೇ ಬುಡು. ನಾನು ತಡ್ಕಂತೀನಿ."

ತಡೆದುಕೊಳ್ಳೋ ಹಾಗೆ ಕಾಣಲಿಲ್ಲ ಅವನು. ಒಂದು ವರ್ಷದಲ್ಲಿ ಕತ್ತಿನ ಮೂಳೆ ಎದ್ದು ನಿಂತಿತ್ತು. ಸುತ್ತಿಗೆ ಹಿಡೀತಿದ್ದ ಬಲಗೈ ಎಡಗೈಯಷ್ಟೇ ಸಣ್ಣ ಆಗಿತ್ತು. ನಾನು ಎದ್ದು ಮನೆ ಕಡೆ ನಡೆದೆ. ಬೇಡಮ್ಮ ಅಂತ ಹಿಂದಿನಿಂದ ಎರಡು ಸಲ ಕರೆದ. ನಾನು ತಿರುಗಲಿಲ್ಲ.

ಅವ್ವ ಹಿತ್ತಿಲ ನೆರಳಲ್ಲಿ ಕೂತು, ಹುಣಸೆಹಣ್ಣಿನ ಬೀಜ ಬಿಡಿಸ್ತಿದ್ದಳು. ಎಡಗೈಯಲ್ಲಿ ಹಣ್ಣು, ಬಲಗೈಯಲ್ಲಿ ಸಣ್ಣ ಕೊಡತಿ. ಎದುರಿಗೆ ಕೂತು ಹೇಳಿದೆ. ಅವಳಿಗೆ ದ್ವೀಪ, ಚಿತ್ರ ಏನೂ ಹೇಳಲಿಲ್ಲ. ಆ ಕಬ್ಬಿಣ ನಾನು ತಂದದ್ದು, ಅದಕ್ಕೆ ಬೆಂಕಿ ಹಾಕಬಾರದು, ಹಾಕಿದರೆ ಅದು ಸಾಯುತ್ತೆ, ಅದು ನನಗೆ ಗೊತ್ತಿತ್ತು, ಅಪ್ಪ ಕೇಳಿದರೂ ನಾನು ಹೇಳಲಿಲ್ಲ, ಅರ್ಧ ದಪ್ಪ ಸಾಕು ಅಂತ ಜಂಬ ಕೊಚ್ಚಿದೆ ಅಂದೆ. ಮಾವ ಹೋಗಿದ್ದು ನನ್ನಿಂದ ಅವ್ವ ಅಂದೆ.

ಅವ್ವ ಇನ್ನೂ ನಾಲ್ಕು ಹಣ್ಣು ಕುಟ್ಟಿದಳು. ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಹಾಕಿದಳು.

"ನಿಮ್ಮಪ್ಪನಿಗೆ ಇದು ಗೊತ್ತಾ?"

"ಗೊತ್ತು."

"ಎಪ್ಪಟಿನುಂಚಿ?" ಯಾವಾಗಿನಿಂದ ಅಂತ. ದುಃಖ ಜಾಸ್ತಿಯಾದರೆ ಅವಳಿಗೆ ತೌರಿನ ಮಾತೇ ಬರೋದು.

"ಮೊದಲಿಂದ."

ಅವ್ವ ಕೊಡತಿ ಕೆಳಗಿಟ್ಟಳು. ಎದ್ದು ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದಳು. ಒಲೆ ಹಚ್ಚಿದ ಸದ್ದು ಕೇಳಿಸ್ತು. ಸ್ವಲ್ಪ ಹೊತ್ತಿಗೆ ಲೋಟ ಹಿಡಿದು ಹೊರಗೆ ಬಂದು, ನನ್ನ ಪಕ್ಕದಲ್ಲೇ ಹಾದು ಕುಲುಮೆ ಕಡೆ ಹೋದಳು. ನಾನು ಹಿತ್ತಿಲ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಅಪ್ಪ ಅದೇ ದಂಡೆಯ ಮೇಲೆ ಕೂತಿದ್ದ. ಅವ್ವ ಅವನ ಮುಂದೆ ಲೋಟ ಹಿಡಿದು ನಿಂತಳು.

"ಕಾಪಿ" ಅಂದಳು. "ಆರೋಗ್ತದೆ. ಕುಡಿ."

ಅಪ್ಪ ಲೋಟ ತಗೊಳ್ಳಲಿಲ್ಲ. ಅವಳ ಭುಜದ ಮೇಲಿನಿಂದ ನನ್ನ ಕಡೆ ನೋಡಿದ. ನಾನು ಹೇಳಿಬಿಟ್ಟೆ ಅಂತ ಅವನಿಗೆ ತಿಳೀತು. ಅವನ ಮುಖ ಅಷ್ಟು ಇಳಿದುಹೋದದ್ದನ್ನು ನಾನು ಮಾವನ ಹೆಣದ ಮುಂದೆಯೂ ಕಂಡಿರಲಿಲ್ಲ. ಅವ್ವ ಅವನ ಕೈ ಹಿಡಿದು ಎಳೆದು, ಲೋಟ ಇಟ್ಟು, ಬೆರಳು ಮಡಿಸಿದಳು. ಆಮೇಲೆ ಅವನ ಪಕ್ಕ ಕೂತು ಸೆರಗು ಬಾಯಿಗೆ ತುಂಬಿಕೊಂಡು ಅತ್ತಳು. ಒಂದು ವರ್ಷದ ಅಳು ಅದು. ಅಪ್ಪ ಇನ್ನೊಂದು ಕೈ ಅವಳ ಬೆನ್ನಿನ ಮೇಲೆ ಇಟ್ಟ.

ಸಂಜೆ ಬಸ್ಸಿಗೆ ಹೊರಡೋ ಹೊತ್ತಿಗೆ ನೋಡಿದರೆ ನನ್ನ ಬ್ಯಾಗು ಆಗಲೇ ಜಗಲಿಯ ಮೇಲಿತ್ತು. ಅವ್ವನೇ ತಂದಿಟ್ಟಿದ್ದಳು. ಯಾವಾಗಲೂ ಅದರೊಳಗೆ ರೊಟ್ಟಿನೋ, ಚಟ್ನಿಪುಡಿನೋ, ಹುಣಸೆ ಉಂಡೆನೋ ತುರುಕಿರ್ತಿದ್ದಳು. ಬಸ್ಸಿನಲ್ಲಿ ಬಿಚ್ಚಿ ನೋಡಿದೆ. ನಾನು ತಂದಿದ್ದ ಬಟ್ಟೆ ಮಾತ್ರ ಇತ್ತು.

ಈಗ ಅಪ್ಪ ಮತ್ತೆ ಕುಲುಮೆ ಹೊತ್ತಿಸಿದ್ದಾನೆ. ಕೊಕ್ಕೆಯನ್ನೂ ಮಾಡ್ತಾನಂತೆ, ಸಿರಾ ಸಾಬರ ಅಂಗಡಿಯ ಪಟ್ಟೆಯಲ್ಲೇ, ಹೆಬ್ಬೆರಳು ದಪ್ಪದ್ದು. ನಾನು ಊರಿಗೆ ಹೋದರೆ ಅವ್ವ ಅನ್ನ ಬಡಿಸಿ ಇಡ್ತಾಳೆ, ಗೋಡೆ ನೋಡಿಕೊಂಡು. ಒಂದು ಮಾತಿಲ್ಲ. ಅಪ್ಪ ನಡುವೆ ಕೂತು ನುಂಗ್ತಾನೆ. ಅದನ್ನು ನೋಡಲಾರದೆ ನಾನು ಹೋಗೋದೇ ಕಮ್ಮಿ ಮಾಡಿದ್ದೀನಿ.

ಫೋನ್ ಮಾತ್ರ ದಿನಾ ಮಾಡ್ತೀನಿ, ಬೆಳಗ್ಗೆ, ಕಾರ್ಖಾನೆ ಬಸ್ ಬರೋ ಮೊದಲು. ಅಪ್ಪ ಎತ್ತುತ್ತಾನೆ. ಅವನಿಗೂ ನನಗೂ ಮಾತಾಡೋಕೆ ಹೆಚ್ಚೇನೂ ಇರಲ್ಲ. ಅವನು ಫೋನನ್ನು ಜಗಲಿಯ ಮೇಲೆ ಇಟ್ಟುಬಿಡ್ತಾನೆ. ಒಳಗಿನಿಂದ ಅವ್ವ ಅವನನ್ನು ಬಯ್ಯೋದು ಕೇಳಿಸುತ್ತೆ, ಮಸಿ ಕಾಲು ಅಂತ, ಬೀಡಿ ಅಂತ, ಕಾಫಿ ಆರಿಸಿಕೊಂಡು ಕೂತೆ ಅಂತ. ಬಸ್ ಬರೋವರೆಗೂ ನಾನು ಅದನ್ನು ಕೇಳಿಸಿಕೊಂಡು ನಿಂತಿರ್ತೀನಿ.